ತಕ್ಕಡಿ ಇದ್ದ ಬೀದಿ

ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ 3ನೇ ನಂಬರಿನಲ್ಲಿ ಒಂದು ಹಳೆಯ ಅಂಗಡಿ ಉಂಟು. 1698ರಲ್ಲಿ ಶುರುವಾದದ್ದು. ಆಗ ಅಲ್ಲಿ ಕಾಫಿ, ದಿನಸಿ ಮಾರುತ್ತಿದ್ದರು. ಈಗ ಅದು ಬೆರ್ರಿ ಬ್ರದರ್ಸ್ ಅಂಡ್ ರಡ್ ಎಂಬ ಹೆಸರಿನ ದ್ರಾಕ್ಷಾರಸದ ಅಂಗಡಿ. ಕಾಫಿಬೀಜ ಬೀಸುವ ಯಂತ್ರದ ಚಿತ್ರವಿರುವ ಫಲಕ ಮಾತ್ರ ಬಾಗಿಲ ಹೊರಗೆ ಹಾಗೇ ಉಳಿದಿದೆ. ಒಳಗೆ ಹೋದರೆ ಒಂದು ಭಾರಿ ತಕ್ಕಡಿ. ಕಾಫಿ ಮೂಟೆಗಳನ್ನು ತೂಗಲೆಂದು ಇಟ್ಟಿದ್ದ ಈ ತಕ್ಕಡಿಯಲ್ಲಿ 1765ರ ಸುಮಾರಿಗೆ ಗಿರಾಕಿಗಳೂ ಕುಳಿತು ತಮ್ಮ ತೂಕ ನೋಡಿಸಿಕೊಳ್ಳುವ ರೂಢಿ ಬೆಳೆಯಿತು. ಮನೆಯಲ್ಲಿ ತೂಕದ ಯಂತ್ರವಿಲ್ಲದ ಕಾಲ ಅದು. ರಾಜಮನೆತನದವರು, ಜಮೀನುದಾರರು, ಸಂಸತ್ ಸದಸ್ಯರು ಬರುವರು, ಕೂರುವರು, ಇಳಿದು ಹೋಗುವರು. ಅಂಗಡಿಯವನು ದಪ್ಪ ಚರ್ಮದ ರಟ್ಟಿನ ಪುಸ್ತಕದಲ್ಲಿ ಹೆಸರು, ತಾರೀಕು, ತೂಕ ಬರೆದಿಡುವನು.

ಆ ಪುಸ್ತಕಗಳು ಇಂದಿಗೂ ಇವೆ. ಅವುಗಳಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ತೂಕದ ಪಕ್ಕದಲ್ಲಿ ಅಲ್ಲಲ್ಲಿ ‘ಬೂಟು ಸಹಿತ’ ಎಂಬಂಥ ಪುಟ್ಟ ಟಿಪ್ಪಣಿ ಇರುತ್ತದೆ. ಅಷ್ಟೇ. ‘ಹೋದ ಸಲಕ್ಕಿಂತ ಹೆಚ್ಚಾಯಿತು’ ಎಂದಾಗಲಿ, ‘ಭೇಷ್, ಇಳಿದಿರಿ’ ಎಂದಾಗಲಿ ಇಲ್ಲ. ಹೊಟ್ಟೆಯ ಭಾರವನ್ನು ಬೂಟಿನ ತಲೆಗೆ ಕಟ್ಟಿ ಗಿರಾಕಿಯ ಮಾನ ಕಾಯುವ ಈ ಉಪಾಯದಲ್ಲಿ ಬ್ರಿಟಿಷರ ಸ್ವಭಾವದ ಎರಡು ಗುಣಗಳೂ ಒಟ್ಟಿಗೆ ಕಾಣುತ್ತವೆ: ಒಂದು, ಇನ್ನೊಬ್ಬರ ವಿಷಯಕ್ಕೆ ತಲೆಹಾಕದ ಬಿಗುಮಾನ; ಇನ್ನೊಂದು, ಮುಖದ ಗೆರೆ ಸಡಿಲಿಸದೆ ಆಡುವ ತಮಾಷೆ.

ಕವಿ ಬೈರನ್ ಕೂಡ ಇದೇ ತಕ್ಕಡಿ ಏರಿದ್ದ. 1806ರಲ್ಲಿ, ಇನ್ನೂ ಹದಿಹರೆಯದ ಹುಡುಗನಾಗಿದ್ದಾಗ, ಅವನ ತೂಕ 13 ಸ್ಟೋನ್ 12 ಪೌಂಡು. ಸ್ಟೋನ್ ಎಂದರೆ 14 ಪೌಂಡು, ನಮ್ಮ ಲೆಕ್ಕದಲ್ಲಿ 6.35 ಕಿಲೋಗ್ರಾಂ. ಅಂದರೆ ಬೈರನ್ 88 ಕಿಲೋ ಇದ್ದ. ಐದು ವರ್ಷಗಳಲ್ಲಿ ತೂಕದ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸಿದ. ಹೇಗೆ? ಒಣ ಬಿಸ್ಕತ್ತು, ಸೋಡಾ ನೀರು, ವಿನೆಗರ್‌ನಲ್ಲಿ ನೆನೆಸಿದ ಆಲೂಗೆಡ್ಡೆ. ಇದನ್ನು ಓದಿದ ಯಾವ ವಿದ್ಯಾರ್ಥಿಯೂ ಪ್ರಯೋಗಕ್ಕಿಳಿಯಬಾರದು. ಬೈರನ್ ಮೂವತ್ತಾರಕ್ಕೇ ತೀರಿಕೊಂಡ. ಅದಕ್ಕೆ ಜ್ವರವೇ ಕಾರಣವಾದರೂ, ಹೊಟ್ಟೆ ಕಟ್ಟಿ ಸೊರಗಿಸಿದ ಮೈ ಜ್ವರದೊಡನೆ ಹೋರಾಡುವುದಾದರೂ ಹೇಗೆ ಎಂಬ ಅನುಮಾನ ನನ್ನದು. (ಸ್ಟೋನನ್ನು ಬ್ರಿಟನ್ನಿನ ಕಾನೂನು ವ್ಯಾಪಾರದಿಂದ ಹೊರಗಟ್ಟಿದೆ. ಆದರೂ ತಮ್ಮ ಮೈತೂಕವನ್ನು ಜನ ಅಲ್ಲಿ ಈಗಲೂ ಸ್ಟೋನಿನಲ್ಲೇ ಹೇಳುತ್ತಾರೆ. ಎಂಬತ್ತೆಂಟು ಎನ್ನುವುದಕ್ಕಿಂತ ಹದಿಮೂರು ಚಿಲ್ಲರೆ ಎನ್ನುವುದು ಕಿವಿಗೆ ಹಿತವಲ್ಲವೇ?)

ಮೌನವಾಗಿ ಬರೆದಿಟ್ಟ ಈ ಅಂಕಿಗಳು ಮುಂದೆ ವಿಜ್ಞಾನಕ್ಕೂ ಒದಗಿದವು. 1884ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಈ ಪುಸ್ತಕಗಳಿಂದ ಮೂರು ತಲೆಮಾರಿನ ಶ್ರೀಮಂತರ ತೂಕಗಳನ್ನು ಹೆಕ್ಕಿ, ವಯಸ್ಸಿಗೆ ಸರಿಯಾಗಿ ಜೋಡಿಸಿ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಬರೆದ. ಹಿಂದಿನ ತಲೆಮಾರಿನವರು ಯೌವನದಲ್ಲೇ ಬೇಗ ಬೇಗ ಉಬ್ಬುತ್ತಿದ್ದರು, ಮೊಮ್ಮಕ್ಕಳ ಕಾಲಕ್ಕೆ ತೂಕ ನಿಧಾನವಾಗಿ ಏರತೊಡಗಿತು ಎಂದು ಅವನಿಗೆ ಕಂಡಿತು. ಮನುಷ್ಯರ ತಳಿ ಸುಧಾರಿಸುವ ಹುಚ್ಚು ವಿಚಾರ ಹರಡಿದವನೂ ಇದೇ ಗಾಲ್ಟನ್. ಅದಕ್ಕಾಗಿ ಅವನನ್ನು ಮೆಚ್ಚಲಾರೆ. ಆದರೆ ಅಂಗಡಿಯ ಕಡತದಲ್ಲಿ ವಿಜ್ಞಾನ ಕಂಡ ಕಣ್ಣನ್ನು ಒಪ್ಪಲೇಬೇಕು.

ಇದೇ ಬೀದಿಯಲ್ಲಿ ಇನ್ನೊಂದು ಅಂಗಡಿಯೂ ಇತ್ತು. ಅದು ಬ್ಯಾಂಟಿಂಗ್ ಮನೆತನದ್ದು. ಅವರ ಕಸುಬು ಅಂತ್ಯಕ್ರಿಯೆಯ ಏರ್ಪಾಟು: ಶವಪೆಟ್ಟಿಗೆ, ಕಪ್ಪು ಬಟ್ಟೆ, ಮೆರವಣಿಗೆ. ಸಾಮಾನ್ಯರದಲ್ಲ, ರಾಜರದು. ಮೂರನೇ ಜಾರ್ಜ್, ನಾಲ್ಕನೇ ಜಾರ್ಜ್, ವೆಲ್ಲಿಂಗ್ಟನ್ ಪ್ರಭು, ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್, ಎಲ್ಲರ ಕೊನೆಯ ಪಯಣಕ್ಕೂ ಇವರದೇ ವ್ಯವಸ್ಥೆ. ಈ ಮನೆತನದ ವಿಲಿಯಂ ಬ್ಯಾಂಟಿಂಗ್ ಎಂಬಾತ ಅರವತ್ತು ದಾಟುವ ಹೊತ್ತಿಗೆ ಎಷ್ಟು ದಪ್ಪನಾಗಿದ್ದನೆಂದರೆ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಮೊಣಕಾಲಿಗೆ ಭಾರ ತಾಳದೆ ಬೆನ್ನು ಮುಂದಾಗಿ, ಒಂದೊಂದೇ ಹೆಜ್ಜೆ ಇಳಿಯುತ್ತಿದ್ದ. ಎತ್ತರ ಐದಡಿ ಐದಂಗುಲ, ತೂಕ 202 ಪೌಂಡು, ಅಂದರೆ 91.6 ಕಿಲೋ.

ಮಾಡದ ಚಿಕಿತ್ಸೆಯಿಲ್ಲ. ಒಬ್ಬ ವೈದ್ಯಮಿತ್ರ ವ್ಯಾಯಾಮ ಮಾಡೆಂದ. ಬ್ಯಾಂಟಿಂಗ್ ಭಾರವಾದ ದೋಣಿ ಕೊಂಡು ದಿನಾ ಬೆಳಗ್ಗೆ ಎರಡು ಗಂಟೆ ಹುಟ್ಟು ಹಾಕಿದ. ತೋಳು ಗಟ್ಟಿಯಾಯಿತು, ಅದರ ಜೊತೆಗೆ ಹಸಿವೂ ಬೆಳೆಯಿತು, ತಿಂದ, ತೂಕ ಇನ್ನೂ ಏರಿತು. ಟರ್ಕಿಯ ಆವಿಸ್ನಾನ ಮಾಡಿ ಮಾಡಿ ಇಳಿದದ್ದು ಆರು ಪೌಂಡು. ಊಟೆ ನೀರಿನ ಊರುಗಳಿಗೆ ಹೋಗಿ ಬಂದ, ಗ್ಯಾಲನ್‌ಗಟ್ಟಲೆ ಔಷಧ ಕುಡಿದ. ಕೊನೆಗೆ ಕಿವಿ ಮಂದವಾಯಿತೆಂದು 1862ರಲ್ಲಿ ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನ ಬಳಿ ಹೋದ. (ರಕ್ತಚಲನೆ ಕಂಡುಹಿಡಿದ ಹಾರ್ವೆ ಇನ್ನೂರು ವರ್ಷ ಹಿಂದಿನವನು, ಹಾಗೆಯೇ ಇನ್ಸುಲಿನ್‌ನ ಬ್ಯಾಂಟಿಂಗ್ ಕೂಡ ಬೇರೆ. ಪರೀಕ್ಷೆಯಲ್ಲಿ ಕಲಸಿಬಿಡಬೇಡಿ.) ಈ ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡನ ಉಪನ್ಯಾಸ ಕೇಳಿ ಬಂದಿದ್ದ. ಯಕೃತ್ತು ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಸಿಹಿಮೂತ್ರ ರೋಗಕ್ಕೂ ಇದಕ್ಕೂ ಸಂಬಂಧವಿದೆ ಎಂಬುದು ಆಗ ಹೊಸ ಸುದ್ದಿ. ಕಿವಿಯೊಳಗಿನ ನಾಳವನ್ನು ಕೊಬ್ಬು ಒತ್ತುತ್ತಿರಬೇಕೆಂದು ಊಹಿಸಿದ ಹಾರ್ವೆ, ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗೆಡ್ಡೆ ಇಷ್ಟನ್ನೂ ಬಿಡು ಎಂದ. ಉಳಿದದ್ದು ಮಾಂಸ, ಮೀನು, ಸೊಪ್ಪು ತರಕಾರಿ, ಹಣ್ಣು ಮತ್ತು ಒಂದಷ್ಟು ದ್ರಾಕ್ಷಾರಸ.

ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. ಸೊಂಟದ ಸುತ್ತಳತೆ ಹನ್ನೆರಡು ಅಂಗುಲಕ್ಕೂ ಹೆಚ್ಚು ಕರಗಿತು. ಕಿವಿಯೂ ಚುರುಕಾಯಿತು. 1863ರಲ್ಲಿ ಬ್ಯಾಂಟಿಂಗ್ ಇದನ್ನೆಲ್ಲ ಒಂದು ಚಿಕ್ಕ ಪುಸ್ತಿಕೆಯಾಗಿ ಬರೆದು ತನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿ ಪುಕ್ಕಟೆ ಹಂಚಿದ. ಹೆಸರು ‘ಸ್ಥೂಲಕಾಯ ಕುರಿತು ಸಾರ್ವಜನಿಕರಿಗೊಂದು ಪತ್ರ’. ಬೇಡಿಕೆ ತಡೆಯಲಾರದೆ ಮೂರನೇ ಆವೃತ್ತಿಗೆ ಬೆಲೆ ಇಟ್ಟ. ಬಂದ ಲಾಭವನ್ನು ಧರ್ಮಕಾರ್ಯಗಳಿಗೆ ಕೊಟ್ಟು ಲೆಕ್ಕವನ್ನೂ ಪ್ರಕಟಿಸಿದ. ಹಣಕ್ಕಾಗಿ ಬರೆದನೆಂಬ ಮಾತು ಬರಬಾರದೆಂಬ ಎಚ್ಚರ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಬರವಣಿಗೆಯ ಧಾಟಿ. ವಯಸ್ಸಾದ ಕುದುರೆಗೆ ಬೀನ್ಸ್ ಕಾಳು ತಿನ್ನಿಸಿದರೆ ಹೇಗೆ ಹಾನಿಯೋ, ಮನುಷ್ಯನಿಗೂ ಎಳವೆಯಲ್ಲಿ ಒಳ್ಳೆಯದಾದ ಕೆಲವು ಆಹಾರ ಮುಪ್ಪಿನಲ್ಲಿ ಹಾನಿ ಎನ್ನುತ್ತಾನೆ. ನಮ್ಮ ಕಡೆ ಕುದುರೆಗೆ ಹುರುಳಿ ಇದ್ದಂತೆ ಅವರ ಕಡೆ ಬೀನ್ಸ್. ಆದ್ದರಿಂದ ಬ್ರೆಡ್ಡು, ಸಕ್ಕರೆ ಮುಂತಾದವಕ್ಕೆ ಆತ ಇಟ್ಟ ಹೆಸರು ‘ಹ್ಯೂಮನ್ ಬೀನ್ಸ್’. ಮನುಷ್ಯನಿಗೆ ಇಂಗ್ಲಿಷಿನಲ್ಲಿ ‘ಹ್ಯೂಮನ್ ಬೀಯಿಂಗ್’ ಎನ್ನುತ್ತಾರೆಂಬುದು ನಿಮಗೆ ಗೊತ್ತು. ಬೇಕೆಂದೇ ಶ್ಲೇಷೆ ಮಾಡಿದನೋ, ತಾನಾಗಿ ಒದಗಿತೋ? ಮನುಷ್ಯ ನಗುವುದೇ ಇಲ್ಲ, ಮುಂದಿನ ವಾಕ್ಯಕ್ಕೆ ಹೋಗಿಬಿಡುತ್ತಾನೆ. ರಾಜರ ಶವಪೆಟ್ಟಿಗೆಯ ಹಿಂದೆ ನಡೆದು ರೂಢಿಯಾದ ಮುಖವಲ್ಲವೇ!

ಆದರೆ ಒಂದು ಕಡೆ ಈ ಬಿಗುಮಾನ ಸಡಿಲುತ್ತದೆ. ದಪ್ಪ ಮೈಯವನನ್ನು ಸಭೆಗಳಲ್ಲಿ, ಬಾಡಿಗೆ ಗಾಡಿಗಳಲ್ಲಿ, ಬೀದಿಯಲ್ಲಿ ಜನ ನೋಡುವ ನೋಟ, ಆಡುವ ಕುಹಕ ಎಷ್ಟು ನೋಯಿಸುತ್ತದೆ, ಅದಕ್ಕೆ ಹೆದರಿ ಮನುಷ್ಯ ಹೇಗೆ ಜನರ ನಡುವಿನಿಂದ ಸರಿದು ಹೋಗುತ್ತಾನೆ ಎಂದು ಬರೆಯುತ್ತಾನೆ. ಪುಸ್ತಿಕೆ ಓದಿದವರಿಂದ ಸಾವಿರಕ್ಕೂ ಹೆಚ್ಚು ಕಾಗದಗಳು ಬಂದವು. ಮನೆಯವರೆದುರೂ ಬಾಯಿಬಿಡದ ಸಂಗತಿಯನ್ನು ಈ ಅಪರಿಚಿತ ಮುದುಕನಿಗೆ ಬರೆದವರೆಷ್ಟೋ! ಹೊರಗೆ ‘ಪಂಚ್’ ಎಂಬ ಹಾಸ್ಯಪತ್ರಿಕೆ ಬ್ಯಾಂಟಿಂಗನನ್ನು ಗೇಲಿ ಮಾಡುತ್ತಿತ್ತು. ವೈದ್ಯರು ವೈದ್ಯನಲ್ಲದವನಿಗೇಕೆ ಈ ಉಸಾಬರಿ ಎನ್ನುತ್ತಿದ್ದರು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟನೇ ತರಗತಿಗೆ ರಾಶಿ ಮತ್ತು ತೂಕದ ವ್ಯತ್ಯಾಸ ಹೇಳುತ್ತಿದ್ದೆ. ಪಾಠ ರಂಜನೆಯಾಗಲೆಂದು ಶಾಲೆಯ ತೂಕದ ಯಂತ್ರ ತರಿಸಿ, ತರಗತಿಯಲ್ಲಿ ಎಲ್ಲರಿಗಿಂತ ದಪ್ಪಗಿದ್ದ ಹುಡುಗನನ್ನೇ ಕರೆದು ನಿಲ್ಲಿಸಿದೆ. ಮುಳ್ಳು ತೋರಿಸಿದ್ದನ್ನು ಗಟ್ಟಿಯಾಗಿ ಓದಿದೆ. ‘ಚಂದ್ರನ ಮೇಲೆ ಹೋದರೆ ಇವನೂ ಹಗುರ’ ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಹುಡುಗನೂ ನಕ್ಕ. ಅವನೂ ನಕ್ಕನೆಂದು ನಾನು ಸಮಾಧಾನಪಟ್ಟುಕೊಂಡೆ. ಮರುದಿನದಿಂದ ಅವನು ಮುಂದಿನ ಬೆಂಚು ಬಿಟ್ಟು ಕೊನೆಯದಕ್ಕೆ ಹೋದ. ಆಟದ ಪೀರಿಯಡ್ಡಿನಲ್ಲಿ ಹೊಟ್ಟೆನೋವೆಂದು ತರಗತಿಯಲ್ಲೇ ಕೂರತೊಡಗಿದ. ವರ್ಷದ ಕೊನೆಗೆ ಅವನ ತಾಯಿ ಬಂದು, ‘ಮೇಷ್ಟ್ರೇ, ಹುಡುಗ ಮಧ್ಯಾಹ್ನದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ತರ್ತಾನೆ, ಸಂಜೆ ಬಂದು ಕದ್ದು ತಿಂತಾನೆ’ ಎಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ತನ್ನ ಮೈಯ ಬಗ್ಗೆ ತಾನೇ ತಮಾಷೆ ಮಾಡಿಕೊಳ್ಳುವುದು ಬೇರೆ, ಅದನ್ನು ಇನ್ನೊಬ್ಬ ಮಾಡುವುದು ಬೇರೆ. ಲೀಸ್ಟರ್ ಊರಿನ ಡೇನಿಯಲ್ ಲ್ಯಾಂಬರ್ಟ್ ಎಂಬುವನಿಗೆ ಈ ಗೆರೆ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು. ಜೈಲಿನ ಮೇಲ್ವಿಚಾರಕನಾಗಿದ್ದವನು. 1809ರಲ್ಲಿ 39ನೇ ವಯಸ್ಸಿಗೆ ತೀರಿಕೊಂಡಾಗ ಅವನ ತೂಕ 52 ಸ್ಟೋನ್ 11 ಪೌಂಡು, ಅಂದರೆ 335 ಕಿಲೋ. ಕೆಲಸ ಹೋದ ಮೇಲೆ ಬದುಕಿಗೆ ಬೇರೆ ದಾರಿಯಿಲ್ಲದೆ, 1806ರಲ್ಲಿ ಲಂಡನ್ನಿಗೆ ಬಂದು ತನ್ನನ್ನು ನೋಡಬಂದವರಿಂದ ತಲೆಗೊಂದು ಷಿಲಿಂಗ್ ತೆಗೆದುಕೊಳ್ಳುತ್ತಿದ್ದ. ಒಬ್ಬಾತ ಬಂದು ಈ ಕೋಟಿಗೆ ಎಷ್ಟು ಖರ್ಚಾಯಿತೆಂದು ಕೇಳಿದ. ಲ್ಯಾಂಬರ್ಟ್ ಉತ್ತರಿಸಲಿಲ್ಲ. ಷಿಲಿಂಗ್ ಕೊಟ್ಟಿದ್ದೇನೆ, ಕೋಟಿಗೆ ನನ್ನ ಪಾಲೂ ಸೇರಿದೆ, ಕೇಳುವ ಹಕ್ಕಿದೆ ಎಂದು ಆತ ಜಬರದಸ್ತು ಮಾಡಿದ. ಮುಂದಿನ ಕೋಟಿನಲ್ಲಿ ತಮ್ಮ ಷಿಲಿಂಗಿಗೆ ಬರುವ ತುಂಡು ಯಾವುದೆಂದು ತಿಳಿದರೆ ಅದನ್ನು ಖಂಡಿತ ಕತ್ತರಿಸಿ ತೆಗೆಯುತ್ತೇನೆ ಸ್ವಾಮಿ ಎಂದನಂತೆ ಲ್ಯಾಂಬರ್ಟ್. ಈತ ಮಿತವಾಗಿ ಉಣ್ಣುತ್ತಿದ್ದ, ನೀರನ್ನಷ್ಟೇ ಕುಡಿಯುತ್ತಿದ್ದ, ಒಳ್ಳೆಯ ಈಜುಗಾರನೂ ಆಗಿದ್ದ ಎನ್ನುತ್ತಾರೆ. ದಪ್ಪಗಿರುವವರೆಲ್ಲ ತಿಂಡಿಪೋತರು ಎಂದು ನಾವು ಸಲೀಸಾಗಿ ತೀರ್ಮಾನ ಕೊಡುತ್ತೇವೆ; ಅನುವಂಶೀಯತೆ, ಹಾರ್ಮೋನು, ನಿದ್ರೆ, ಔಷಧಗಳು ಎಲ್ಲವೂ ಇದರಲ್ಲಿ ಕೈಯಾಡಿಸುತ್ತವೆ ಎಂಬುದು ಈಗ ಚೆನ್ನಾಗಿ ತಿಳಿದ ವಿಷಯ.

ಈಗ ಲೆಕ್ಕಕ್ಕೆ ಬರೋಣ; ಮೇಷ್ಟರ ಅಂಕಣದಲ್ಲಿ ಲೆಕ್ಕವಿಲ್ಲದಿದ್ದರೆ ಹೇಗೆ? ಬ್ಯಾಂಟಿಂಗ್ ಇಳಿಸಿದ್ದು 46 ಪೌಂಡು, ಸುಮಾರು 21 ಕಿಲೋ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಅಡಗಿರುತ್ತದೆ. ಇಳಿದದ್ದೆಲ್ಲ ಕೊಬ್ಬೇ ಎಂದು ಹಿಡಿದರೆ ಒಟ್ಟು 1,61,700 ಕಿಲೋಕ್ಯಾಲರಿ. 365ರಿಂದ ಭಾಗಿಸಿ: ದಿನಕ್ಕೆ ಸುಮಾರು 440. ಒಂದು ಗ್ರಾಂ ಸಕ್ಕರೆಗೆ 4 ಕಿಲೋಕ್ಯಾಲರಿಯಂತೆ ಇದು 110 ಗ್ರಾಂ ಸಕ್ಕರೆಗೆ ಸಮ. ಅಂದರೆ ಪವಾಡವೇನೂ ನಡೆದಿಲ್ಲ. ಸಕ್ಕರೆ, ಬ್ರೆಡ್ಡು, ಬಿಯರ್ ಬಿಟ್ಟಿದ್ದರಿಂದ ದಿನದ ಲೆಕ್ಕದಲ್ಲಿ ಅಷ್ಟು ಕೊರತೆ ಬಿತ್ತು, ಮಾಂಸ, ತರಕಾರಿಗಳಿಂದ ಹಸಿವು ಅಡಗಿತು, ಮೈ ತನ್ನ ಉಗ್ರಾಣದಿಂದ ತೆಗೆದು ಉರಿಸಿತು. ದ್ರಾಕ್ಷಾರಸದ ವಿಚಾರದಲ್ಲಿ ಮಾತ್ರ ಹಾರ್ವೆ ಎಡವಿದ; ಆಲ್ಕೊಹಾಲ್‌ನಲ್ಲಿ ಗ್ರಾಮಿಗೆ 7 ಕಿಲೋಕ್ಯಾಲರಿ ಇದೆ, ಸಕ್ಕರೆಗಿಂತ ಹೆಚ್ಚು.

ಇಂಥ ಪಥ್ಯದ ಮೊದಲ ವಾರ ಮುಳ್ಳು ಸರಸರನೆ ಇಳಿಯುತ್ತದೆ. ಅದನ್ನು ಕಂಡು ಹಿಗ್ಗಬಾರದು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ದಾಸ್ತಾನು ಕರಗಿದಾಗ ನೀರೂ ಹೊರಟುಹೋಗುತ್ತದೆ. ಒಂದು ಮದುವೆ ಊಟ ಉಂಡರೆ ಸಾಕು, ಎರಡೂ ವಾಪಸ್ಸು.

ಇನ್ನೊಂದು ಲೆಕ್ಕ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಉಪಾಯವನ್ನು 1832ರಲ್ಲಿ ಬೆಲ್ಜಿಯಂನ ಕೆಟಲೆ ಸೂಚಿಸಿದ್ದ. ಅದಕ್ಕೆ ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ. ಬ್ಯಾಂಟಿಂಗನದು 33.6ರಿಂದ 26ಕ್ಕೆ ಇಳಿದಿತ್ತು. ಅಂದರೆ 25ರ ಗೆರೆ ದಾಟಿ ಸಪೂರನಾಗಲೇ ಇಲ್ಲ, ಆದರೂ ಬೂಟಿನ ದಾರ ತಾನೇ ಕಟ್ಟಿಕೊಂಡ, ಎಂಬತ್ತರ ಹೊಸ್ತಿಲು ದಾಟಿ ಬದುಕಿ 1878ರಲ್ಲಿ ತೀರಿಕೊಂಡ. ಈ 25ರ ಗೆರೆ ದೊಡ್ಡವರದು. ಬೆಳೆಯುವ ಮಕ್ಕಳಿಗೆ ವಯಸ್ಸು, ಎತ್ತರ ನೋಡಿ ಅಳೆಯುವ ಪಟ್ಟಿಗಳೇ ಬೇರೆ ಇವೆ; ಮಗುವನ್ನು ಪಥ್ಯಕ್ಕೆ ಹಾಕುವ ಮುನ್ನ ತಂದೆತಾಯಿಗಳು ವೈದ್ಯರನ್ನು ಕಾಣಬೇಕು, ಪಕ್ಕದ ಮನೆಯವರನ್ನಲ್ಲ.

ಬ್ಯಾಂಟಿಂಗನ ಹೆಸರು ಇಂಗ್ಲಿಷಿನಲ್ಲಿ ಕ್ರಿಯಾಪದವೇ ಆಗಿಹೋಯಿತು. ಸ್ವೀಡನ್ನಿನಲ್ಲಿ ಈಗಲೂ ತೂಕ ಇಳಿಸುವುದಕ್ಕೆ ‘ಬಾಂಟ’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ 1960ರ ದಶಕದ ಕೊನೆಗೆ ತೂಕ ಇಳಿಸುವವರ ಸಂಘಗಳು ಹುಟ್ಟಿದವು. ವಾರಕ್ಕೊಂದು ಸಂಜೆ ಒಂದು ಹಾಲ್‌ನಲ್ಲಿ ಸೇರಿ, ಸರದಿಯಲ್ಲಿ ತೂಕ ನೋಡಿಕೊಂಡು, ಅರ್ಧ ಪೌಂಡು ಇಳಿಸಿದವರಿಗೂ ಚಪ್ಪಾಳೆ ತಟ್ಟುವುದು ಅವರ ಪದ್ಧತಿ.

ನಮ್ಮ ಶಾಲೆಯಲ್ಲಿ ಜೂನ್ ತಿಂಗಳಲ್ಲಿ ಆರೋಗ್ಯ ಕಾರ್ಡು ತುಂಬುವ ಕೆಲಸ ಬರುತ್ತದೆ. ಆ ಹುಡುಗನ ನಂತರ ತೂಕದ ಯಂತ್ರವನ್ನು ಪ್ರಯೋಗಶಾಲೆಯ ಒಳಕೋಣೆಯಲ್ಲಿ ಇಟ್ಟಿದ್ದೇನೆ. ಒಬ್ಬೊಬ್ಬರೇ ಬರುತ್ತಾರೆ. ಅಂಕಿ ಓದಿ ಹೇಳುವುದಿಲ್ಲ, ಬರೆದು ಕಾರ್ಡು ಮಡಚಿ ಕೈಗೆ ಕೊಡುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಯಂತ್ರ ಹತ್ತಲು ಒಪ್ಪದೆ ಬಾಗಿಲಲ್ಲೇ ನಿಂತಳು. ‘ಷೂ ಬಿಚ್ಚಬೇಡಮ್ಮ, ಹಾಗೇ ಹತ್ತು’ ಎಂದೆ. ಹತ್ತಿದಳು. ಅಂಕಿಯ ಪಕ್ಕದಲ್ಲಿ ‘ಷೂ ಸಹಿತ’ ಎಂದು ಬರೆದೆ. ಕಾರ್ಡು ಓದಿಕೊಂಡು, ‘ಸಾರ್, ಷೂ ತುಂಬಾ ಭಾರ ಅಲ್ವಾ?’ ಎಂದಳು. ಬಹಳ ಭಾರ ಎಂದೆ.