ವಿಮಾನ ತಡವಾಗಿದ್ದಕ್ಕೂ ನಾವೇ ಕಾರಣವಂತೆ!



2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ಬೀಳ್ಕೊಡುಗೆ ಕೊಟ್ಟರು. ಅವುಗಳ ಜಾಗಕ್ಕೆ ಬರಬೇಕಿದ್ದ ತೇಜಸ್ ಇನ್ನೂ ಬರುತ್ತಲೇ ಇದೆ. ಆ ಸುದ್ದಿಯ ಕೆಳಗೆ ಒಬ್ಬ ಮೆರಿಟ್ ಮಹಾಶಯರ ಕಾಮೆಂಟು: "ಕೋಟಾದಲ್ಲಿ ಬಂದೋರ ಕೈಲಿ ಫೈಟರ್ ಜೆಟ್ ಕಟ್ಸಿದ್ರೆ ಇನ್ನೇನಾಗುತ್ತೆ? ಪ್ರೈವೇಟ್‌ಗೆ ಕೊಡಿ, ಎರಡೇ ವರ್ಷದಲ್ಲಿ ಹಾರುತ್ತೆ." ಅದಕ್ಕೆ ನೂರಾರು ಲೈಕು. ಲೈಕ್ ಒತ್ತಿದವರಲ್ಲಿ ನನ್ನ ಜೊತೆ ಓದಿದವರೂ ಇದ್ದಾರೆ.

ಸುಮ್ಮನಿದ್ದುಬಿಡೋಣ ಅಂತಲೇ ಅಂದುಕೊಂಡೆ. ಆಗಲಿಲ್ಲ. ಯಾಕೆಂದರೆ ನಮ್ಮಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಗಡಿನ ಹಾಳೆಗೆ ರಿವೆಟ್ ಹೊಡೆದವರು. ಐಟಿಐ ಓದಿ, ಎಸ್ಸಿ ಮೀಸಲಾತಿಯಲ್ಲೇ ಸೇರಿದವರು. ಅದನ್ನ ಮುಚ್ಚಿಡೋ ಅಗತ್ಯ ನನಗಿಲ್ಲ.

ಈಗ ಲೆಕ್ಕಕ್ಕೆ ಬರೋಣ.

ಹಗುರ ಯುದ್ಧವಿಮಾನದ ಯೋಜನೆ ಮಂಜೂರಾಗಿದ್ದು 1983ರಲ್ಲಿ, 560 ಕೋಟಿ ರೂಪಾಯಿಗೆ. 1985ರಲ್ಲಿ ವಾಯುಪಡೆ ಬರೆದುಕೊಟ್ಟ ಬೇಡಿಕೆಯಲ್ಲಿ 220 ವಿಮಾನ ಬೇಕು, 1994ಕ್ಕೆ ಸೇರ್ಪಡೆ ಆಗಬೇಕು ಅಂತ ಇತ್ತು. ಅದು ನೆಲ ಬಿಟ್ಟು ಮೇಲೆದ್ದಿದ್ದೇ 2001ರ ಜನವರಿ 4ಕ್ಕೆ. ಮೊದಲ ಸ್ಕ್ವಾಡ್ರನ್ ಶುರುವಾಗಿದ್ದು 2016ರಲ್ಲಿ, ಅದೂ ಎರಡೇ ಎರಡು ವಿಮಾನ ಇಟ್ಟುಕೊಂಡು. ಯುದ್ಧಕ್ಕೆ ಪೂರ್ತಿ ಸಜ್ಜು ಎಂಬ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಖರ್ಚಿನ ವಿಷಯಕ್ಕೆ ಬಂದರೆ, 560 ಕೋಟಿಯ ಮಂಜೂರಾತಿ ಮುಂದಿನ ಹಂತಗಳೆಲ್ಲ ಸೇರಿ 10,397 ಕೋಟಿಗೆ ಏರಿತ್ತು ಅಂತ 2015ರ ಸಿಎಜಿ ವರದಿಯೇ ಹೇಳುತ್ತದೆ.

ಇದರಲ್ಲಿ ಕೋಟಾ ಎಲ್ಲಿ ಬಂತು, ತೋರಿಸಿ ಸ್ವಾಮಿ.

ಈ ವಿಮಾನಕ್ಕೆ ಅಂತಲೇ ಕಾವೇರಿ ಹೆಸರಿನ ಎಂಜಿನ್ ಮಾಡೋ ಕೆಲಸ 1989ರಲ್ಲಿ ಮಂಜೂರಾಯ್ತು. 382 ಕೋಟಿಯ ಅಂದಾಜು 2,800 ಕೋಟಿ ದಾಟಿತು. ಎಂಜಿನ್ ಮಾತ್ರ ವಿಮಾನಕ್ಕೆ ಸಾಕಾಗುವಷ್ಟು ಬಲ ಕೊಡಲಿಲ್ಲ, 2008ರಲ್ಲಿ ಅದನ್ನ ತೇಜಸ್‌ನಿಂದ ಬೇರೆ ಮಾಡಿದರು. 1998ರಲ್ಲಿ ಪೋಖ್ರಾನ್ ಪರೀಕ್ಷೆ ಆಯ್ತು, ಅಮೆರಿಕ ನಿರ್ಬಂಧ ಹೇರಿ ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನ ವಾಪಸ್ ಕಳಿಸಿತು. ಪರೀಕ್ಷೆ ಮಾಡೋ ತೀರ್ಮಾನ ತಗೊಂಡಿದ್ದು ರಿವೆಟ್ ಹೊಡೆಯೋ ನಮ್ಮಪ್ಪನಲ್ಲ.

ಇನ್ನು ಇವತ್ತಿನ ತಡ. 83 ತೇಜಸ್ ಮಾರ್ಕ್-1ಎ ಕೊಳ್ಳೋಕೆ ರಕ್ಷಣಾ ಸಚಿವಾಲಯದ ಖರೀದಿ ಮಂಡಳಿ ಒಪ್ಪಿದ್ದು 2016ರ ನವೆಂಬರ್‌ನಲ್ಲಿ. ಸಹಿ ಬಿದ್ದಿದ್ದು 2021ರ ಫೆಬ್ರವರಿಯಲ್ಲಿ, ಸುಮಾರು 48,000 ಕೋಟಿಗೆ. ನಾಲ್ಕು ವರ್ಷಕ್ಕೂ ಮೇಲೆ ಫೈಲು ದೆಹಲಿಯಲ್ಲೇ ಸುತ್ತಿತು. 99 ಎಂಜಿನ್‌ಗೆ ಅಮೆರಿಕದ ಜಿಇ ಕಂಪನಿ ಜೊತೆ ಒಪ್ಪಂದ ಆಗೋ ಹೊತ್ತಿಗೆ 2021ರ ಆಗಸ್ಟ್. ಅಷ್ಟರಲ್ಲಿ ಆರ್ಡರ್ ಇಲ್ಲದೆ ಆ ಎಂಜಿನ್ನಿನ ತಯಾರಿಕೆಯೇ ಅಲ್ಲಿ ನಿಂತುಹೋಗಿತ್ತು. ಅದನ್ನ ಮತ್ತೆ ಶುರುಮಾಡಿ, ಬಿಡಿಭಾಗ ಹೊಂದಿಸಿಕೊಂಡು ಮೊದಲ ಎಂಜಿನ್ ಕೊಟ್ಟಿದ್ದು 2025ರ ಮಾರ್ಚ್‌ನಲ್ಲಿ. ವಿಮಾನವೇ 2024ರಲ್ಲಿ ಬರಬೇಕಿತ್ತು!

ಜಿಇ ಕಂಪನಿ ಅಪ್ಪಟ ಪ್ರೈವೇಟು. ಅಲ್ಲಿ ಎಸ್ಸಿ-ಎಸ್ಟಿ ಮೀಸಲಾತಿ ಇದೆಯೇನ್ರೀ?

ಇನ್ನೊಂದು ತಮಾಷೆ ಕೇಳಿ. ಮಿಗ್-21 ಬೀಳ್ಕೊಡುಗೆಯ ಹಿಂದಿನ ದಿನ, ಸೆಪ್ಟೆಂಬರ್ 25ಕ್ಕೆ, ಇನ್ನೂ 97 ಮಾರ್ಕ್-1ಎ ವಿಮಾನಗಳಿಗೆ 62,370 ಕೋಟಿಯ ಒಪ್ಪಂದ ಆಯ್ತು. ಮೊದಲಿನ 83ರಲ್ಲಿ ಒಂದೂ ವಾಯುಪಡೆಯ ಕೈ ಸೇರಿರಲಿಲ್ಲ. ತಡ ಮಾಡಿದವರಿಗೆ ಸಿಕ್ಕಿದ್ದು ಇನ್ನೂ ದೊಡ್ಡ ಆರ್ಡರು.

ನಾನು ಎಚ್‌ಎಎಲ್ ಪರ ವಕಾಲತ್ತು ಹಾಕ್ತಾ ಇಲ್ಲ. ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆ ಮುಖ್ಯಸ್ಥರೇ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಹೇಳಬೇಕಾದ್ದೇ. 42 ಸ್ಕ್ವಾಡ್ರನ್ ಇರಬೇಕಾದ ಕಡೆ ಈಗ 29 ಉಳಿದಿವೆ. ಬದಲಿ ಬರಲಿಲ್ಲ ಅಂತ ಹಳೇ ಮಿಗ್‌ಗಳನ್ನೇ ಹಾರಿಸಿದರು, ಅದರಲ್ಲಿ ಸತ್ತ ಪೈಲಟ್‌ಗಳ ಮನೆಯವರಿಗೆ ಯಾರು ಉತ್ತರ ಕೊಡ್ತಾರೆ? ಆದ್ದರಿಂದ ತಪ್ಪಿತಸ್ಥರನ್ನ ಕೇಳಿ. ಕೇಳುವಾಗ ಮೇಲಿನಿಂದ ಶುರುಮಾಡಿ. ವಿನ್ಯಾಸ ಒಪ್ಪಿದವರು, ಬೇಡಿಕೆ ಬದಲಾಯಿಸುತ್ತಾ ಹೋದವರು, ಫೈಲಿನ ಮೇಲೆ ಕೂತವರು. ಆ ಮೇಜಿನ ಸುತ್ತ ನಮ್ಮವರು ಎಷ್ಟು ಜನ ಇದ್ದರು?

126 ವಿಮಾನಕ್ಕೆ 2007ರಲ್ಲಿ ಟೆಂಡರ್ ಕರೆದು, 2016ರಲ್ಲಿ 36 ರಫೇಲ್‌ಗೆ ಸಹಿ ಹಾಕಿದ ಕಥೆಯೂ ನಿಮಗೆ ಗೊತ್ತು. ಅದರ ತಡಕ್ಕೂ ಯಾವ ಕೋಟಾ ಕಾರಣ?

ಅಸಲಿಗೆ ಆ ಕಾಮೆಂಟಿನ ವಿಷ ಇರೋದು ಎರಡನೇ ಸಾಲಿನಲ್ಲಿ: ಪ್ರೈವೇಟ್‌ಗೆ ಕೊಡಿ. ಇದು ಬರೀ ಕಾಮೆಂಟಲ್ಲ, ಸರ್ಕಾರದ ದಾರಿಯೂ ಇದೇ. 56 ಸಿ-295 ಸಾಗಣೆ ವಿಮಾನಕ್ಕೆ 2021ರಲ್ಲಿ 21,935 ಕೋಟಿ ಕೊಟ್ಟರು. ಅದರಲ್ಲಿ 40 ತಯಾರಾಗೋದು ವಡೋದರಾದ ಟಾಟಾ ಕಾರ್ಖಾನೆಯಲ್ಲಿ. ಮುಂದಿನ ಎಎಂಸಿಎ ಯುದ್ಧವಿಮಾನಕ್ಕೂ 2025ರ ಮೇನಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದರು. ದುಡ್ಡು ಜನರದ್ದು, ನಮ್ಮ ತೆರಿಗೆಯೂ ಅದರಲ್ಲಿದೆ. ಮೀಸಲಾತಿ ಮಾತ್ರ ಆ ಗೇಟಿನ ಹೊರಗೆ. ಉಳಿದ ಸರ್ಕಾರಿ ಕಾರ್ಖಾನೆಗಳ ಒಳಗೂ ಗುತ್ತಿಗೆ ಹುಡುಗರೇ ತುಂಬಿಕೊಂಡರೆ ಅಲ್ಲೂ ಅದೇ ಗತಿ.

1942ರಲ್ಲಿ ಬಾಬಾಸಾಹೇಬರು ವೈಸ್‌ರಾಯ್‌ಗೆ ಕೊಟ್ಟ ಮನವಿಯಲ್ಲಿ ನಮ್ಮ ಹುಡುಗರಿಗೆ ಸರ್ಕಾರಿ ಮುದ್ರಣಾಲಯ, ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ತಾಂತ್ರಿಕ ತರಬೇತಿ ಕೊಡಿ ಅಂತ ಕೇಳಿದ್ದರು. ಯಾಕೆ ಕೇಳಿದರು ಅನ್ನೋದು ನನಗೆ ಅಪ್ಪನನ್ನ ನೋಡಿದ್ರೆ ಅರ್ಥ ಆಗುತ್ತೆ. ಕೋಲಾರದ ಕಡೆಯ ನಮ್ಮೂರಿನ ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಒಂದೇ ಮೇಜು, ಒಂದೇ ಸ್ಟೀಲ್ ತಟ್ಟೆ. ಆ ಸಂಬಳದಲ್ಲಿ ನಾವು ಮೂರು ಮಕ್ಕಳು ಓದಿದ್ವಿ. ಹಾಗಂತ ಅವಮಾನ ಇರಲಿಲ್ಲ ಅಂತಲ್ಲ. ಪ್ರಮೋಷನ್ ಬಂದ ದಿನವೇ ಬೆನ್ನ ಹಿಂದೆ "ಕೋಟಾ ಚಾರ್ಜ್‌ಹ್ಯಾಂಡ್" ಅಂದರು.

ಮೊನ್ನೆ ಆ ಕಾಮೆಂಟನ್ನ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಡ್ರಾಯಿಂಗ್ ಬದಲಾಯ್ತು ಅಂತ ಮಾಡಿದ್ದನ್ನೆಲ್ಲ ಬಿಚ್ಚು ಅಂತಿದ್ರಪ್ಪ. ಬಿಚ್ತಿದ್ವಿ, ಮತ್ತೆ ಹೊಡೀತಿದ್ವಿ. ಅದನ್ನ ಯಾರೂ ಬರೆದಿಲ್ವಾ?" ಅಂತ ಕೇಳಿದರು.

ಇನ್ನೊಂದು ತಡದ ಬಗ್ಗೆ ಮಾತಾಡೋಣವಾ? ಮಲ ಹೊರುವ ಪದ್ಧತಿ ನಿಷೇಧಿಸುವ ಮೊದಲ ಕಾಯ್ದೆ 1993ರದ್ದು, ಎರಡನೆಯದು 2013ರದ್ದು. ಜನ ಇವತ್ತಿಗೂ ಗುಂಡಿಯಲ್ಲಿ ಸಾಯ್ತಾ ಇದ್ದಾರೆ. ಆ ಕೆಲಸಕ್ಕೆ ಯಂತ್ರ ತರೋಕೆ ಅಂತ ಇರುವ ಕೇಂದ್ರದ ನಮಸ್ತೆ ಯೋಜನೆಗೆ ಇಡೀ ದೇಶಕ್ಕೆ ಮೂರು ವರ್ಷಕ್ಕೆ ಇಟ್ಟಿದ್ದು ಸುಮಾರು 350 ಕೋಟಿ. 62,370 ಕೋಟಿಯನ್ನ 97ರಿಂದ ಭಾಗಿಸಿ ನೋಡಿ, ಒಂದು ವಿಮಾನದ ಸರಾಸರಿಗೂ ಇದು ಸಾಲೋದಿಲ್ಲ. ಈ ತಡಕ್ಕೆ ಯಾರ ಮೆರಿಟ್ ಕಾರಣ ಅಂತ ಆ ಮಹಾಶಯರು ಯಾವತ್ತೂ ಕಾಮೆಂಟ್ ಹಾಕಿದ್ದು ನಾನು ಕಂಡಿಲ್ಲ.

ನಮ್ಮ ಸಂಘಟನೆಗಳ ಗೆಳೆಯರಲ್ಲಿ ಒಂದು ಮಾತು. ರಕ್ಷಣಾ ಖರೀದಿ ನಮ್ಮ ವಿಷಯ ಅಲ್ಲ ಅಂತ ಬಿಟ್ಟುಬಿಡ್ತೀವಿ. ಬಿಡಬಾರದು. ಜನರ ದುಡ್ಡಲ್ಲಿ ಆರ್ಡರ್ ತಗೊಳ್ಳೋ ಖಾಸಗಿ ಕಂಪನಿಗೆ ಒಪ್ಪಂದದಲ್ಲೇ ಮೀಸಲಾತಿ ಷರತ್ತು ಇರಬೇಕು, ಪ್ರತಿ ತಡಕ್ಕೂ ಯಾರ ಹಂತದಲ್ಲಿ ಎಷ್ಟು ತಿಂಗಳು ಅಂತ ಸಂಸತ್ತಿನ ಮುಂದೆ ಇಡಬೇಕು. ನಿಮ್ಮ ನಿಮ್ಮ ಸಂಸದರಿಗೆ ಈ ಎರಡೇ ಸಾಲು ಬರೆದು ಕಳಿಸಿ.

ಶೇರ್ ಮಾಡೋರು ಅಂಕಿಗಳ ಸಮೇತ ಶೇರ್ ಮಾಡಿ. ಆ ಮಹಾಶಯರ ಹೆಸರು ಕೇಳಬೇಡಿ, ನಾನು ಹೇಳಲ್ಲ.