ಕೊಂಡ ಪುಸ್ತಕಕ್ಕ ಬೀಗ ಯಾಕ್ರಿ?

ಅಕ್ಕಗೋಳ, ವೈನಿಗೋಳ, ಓಣಿಯ ಚಿಗವ್ವಗೋಳ, ಈ ಸಲ ಉಪ್ಪಿನಕಾಯಿ ಮಾತಿಲ್ಲ, ಜಗಳದ ಮಾತು ಅದ. ರೊಕ್ಕ ಕೊಟ್ಟು ಕೊಡ ತಗೊಂಡ ಮ್ಯಾಲೆ, ‘ಇದು ನಾವು ಹೇಳಿದ ಬಾವ್ಯಾಗ ಮಾತ್ರ ಮುಳುಗ್ತದ, ನಿಮ್ಮ ಬಾವ್ಯಾಗ ಮುಳುಗಂಗಿಲ್ಲ’ ಅಂತ ಅಂಗಡ್ಯಾಂವ ಅಂದ್ರ ನೀವು ಸುಮ್ಮನ ಮನಿಗೆ ಬರ್ತೀರೇನು? ಕೊಡ ಅಲ್ಲೇ ಕುಕ್ಕಿ ಬರ್ತೀರಿ. ಆದ್ರ ಆಡಿಯೋ ಪುಸ್ತಕದ ವ್ಯಾಪಾರದಾಗ ಇದೇ ಮಾತು ದಿನಾ ನಡದದ, ನಾವು ತಲಿ ಅಲ್ಲಾಡಿಸಿಕೋತ ಕೂತೀವಿ.

ಕನ್ನಡದ ಕಥಿ, ಕಾದಂಬರಿ ಈಗ ದನಿಯೊಳಗ ಸಿಗ್ತಾವ. ಮೈಲ್ಯಾಂಗಿನಂಥ, ಕನ್ನಡದ ಮಂದಿನೇ ಕಟ್ಟಿದ ಆ್ಯಪ್ ಸುದ್ದಾ ಬಂದಾವ. ಓದಿ ಹೇಳೋ ಕಲಾವಿದರಿಗೆ ಕೆಲಸ ಸಿಕ್ಕದ. ಅದಕ್ಕ ನನ್ನ ತಕರಾರಿಲ್ಲ, ಖುಷಿನೇ ಅದ. ತಕರಾರು ಇರೋದು ಬೀಗದ ಮ್ಯಾಲೆ. ಇಂಥ ಪುಸ್ತಕದಾಗ ಬಹಳಷ್ಟು ಆ್ಯಪಿನ ಒಳಗೇ ಕೂತಿರ್ತಾವ. ‘ಡೌನ್‌ಲೋಡ್’ ಅಂತ ಒತ್ತಿದ್ರ ಅದು ಇಳಿಯೋದು ಆ್ಯಪಿನ ಹೊಟ್ಟಿಯೊಳಗೇ, ನಮ್ಮ ಕೈಗೆ ಫೈಲ್ ಬರಂಗಿಲ್ಲ. ತಿಂಗಳ ಚಂದಾ ನಿಂತ್ರ ಕಥಿನೂ ನಿಂತ್ತು. ಕೇಳಬೇಕಂದ್ರ ಸ್ಮಾರ್ಟ್‌ಫೋನ್ ಬೇಕು, ಅಕೌಂಟ್ ಬೇಕು, ಪಾಸ್‌ವರ್ಡ್ ಬೇಕು.

ಈಗ ಹೇಳ್ರಿ, ಓದಿ ಹೇಳೋ ಪುಸ್ತಕ ಯಾರಿಗೆ ಎಲ್ಲಾರಕಿಂತ ಹೆಚ್ಚು ಬೇಕು? ಕಣ್ಣಿಗೆ ಪೊರೆ ಬಂದ ಅತ್ತೆಂದ್ರಿಗೆ ಬೇಕು. ಸಾಲಿ ಮೆಟ್ಟಲಾ ಹತ್ತದ ಅವ್ವಗೋಳಿಗೆ ಬೇಕು. ಎರಡೂ ಕೈ ರೊಟ್ಟಿ ಹಿಟ್ಟಿನ್ಯಾಗ ಇರೋ ನಮಗ ಬೇಕು. ದೇವದುರ್ಗದ ಹೊಲದಾಗ ಹತ್ತಿ ಬಿಡಿಸೋರಿಗೆ, ಮಾನ್ವಿ ಕಡೆ ಗದ್ದಿಯೊಳಗ ಕಳೆ ಕೀಳೋರಿಗೆ ಬೇಕು. ಇವರ ಮನ್ಯಾಗ ಇರೋ ಒಂದು ಒಳ್ಳೆ ಫೋನು ಮುಂಜಾನೆ ಎದ್ದು ಮಗನ ಕಿಸೆದಾಗ ಹೋಗಿಬಿಡ್ತದ. ಮನ್ಯಾಗ ಉಳಿಯೋದು ಹೆಬ್ಬೆರಳಿನಷ್ಟು ಹಾಡಿನ ಪ್ಲೇಯರ್: ಮೂರು ಗುಂಡಿ, ಒಂದು ಚಿಪ್, ನೆಟ್ವರ್ಕಿನ ಹಂಗಿಲ್ಲ. ಪುಸ್ತಕ ಯಾರಿಗೆ ಬೇಕೋ ಅವರ ಡಬ್ಬಿಗೇ ಅದು ಹೋಗಂಗಿಲ್ಲ ಅಂದ್ರ ಇದೆಂಥಾ ವ್ಯಾಪಾರ?

‘ಅವರಿಗೂ ಒಂದು ಫೋನ್ ಕೊಡಿಸಿಬಿಡ್ರಿ’ ಅಂತಾವ ಹುಡುಗೂರು. ಎಪ್ಪತ್ತು ದಾಟಿದವರ ಬೆರಳಿಗೆ ಗಾಜಿನ ಪರದೆ ಮಾತು ಕೇಳಂಗಿಲ್ಲಪ್ಪಾ. ಒಂದು ತಪ್ಪು ಒತ್ತಿದ್ರ ಕಥಿ ಹೋಗಿ ಜಾಹೀರಾತು ಬರ್ತದ, ಇನ್ನೊಂದು ಒತ್ತಿದ್ರ ಯಾರದೋ ಮೋಸದ ಲಿಂಕು ತೆರೀತದ. ಗುಂಡಿಯ ಬೆಲೆ ವ್ಯಾಪಾರದವರಿಗೂ ಗೊತ್ತದ. 2017ರಾಗ ಸರಿಗಮ ಕಂಪನಿ ‘ಕಾರವಾನ್’ ಅನ್ನೋ ಡಬ್ಬಿ ಬಿಟ್ಟಿತು. ಹಳೇ ರೇಡಿಯೋದಂಥ ಮೈ, ಒಳಗ ತುಂಬಿಟ್ಟ ಹಾಡು, ಬಾಜೂಕ ಪೆನ್‌ಡ್ರೈವ್ ಚುಚ್ಚೋ ಕಿಂಡಿ. ಹಿರೇರು ಮುಗಿಬಿದ್ದು ಕೊಡಿಸಿಕೊಂಡ್ರು. ಹಾಡಿಗೆ ಆಗಿದ್ದು ಕಥಿಗೆ ಯಾಕ ಆಗಬಾರದು?

ಕೇಳೋದು ಈ ನೆಲಕ್ಕ ಹೊಸದಲ್ಲ. ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರ್ವಿಯವರು. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಮಾನ್ವಿಯವರು. ಅವರ ಹಾಡು, ಪದ್ಯ ನಮ್ಮ ಅಜ್ಜಿಗೋಳಿಗೆ ಪುಸ್ತಕದಿಂದ ಬರಲಿಲ್ಲ, ಕಿವಿಯಿಂದ ಬಂದ್ವು. ಅಕ್ಷರ ಬರದವರೂ ಉದ್ದುದ್ದ ಪದ ಬಾಯಿಪಾಠ ಹೇಳ್ತಿದ್ರು. ‘ಯಾವ ಬೀಸುಕಲ್ಲಿನ ಮುಂದ ಹಾಡ್ತಿ, ಅದಕ್ಕ ಪರವಾನಗಿ ಅದ ಏನು’ ಅಂತ ಆಗ ಯಾರೂ ಕೇಳಲಿಲ್ಲ.

ಇನ್ನು ಕೆಲಸದ ಮಾತು. ಬೀಗ ಇಲ್ಲದ ಫೈಲ್ ಸಿಕ್ಕರೂ ಅದು ಸಣ್ಣ ಪ್ಲೇಯರಿನ್ಯಾಗ ನಡೀತದ ಅಂತ ಹೇಳಾಕ ಆಗಂಗಿಲ್ಲ. ಆಡಿಯೋ ಪುಸ್ತಕ ಎಷ್ಟೋ ಸಲ ಎಂ4ಬಿ ಅಥವಾ ಎಂ4ಎ ರೂಪದಾಗ ಇರ್ತಾವ. ಅಗ್ಗದ ಪ್ಲೇಯರಿಗೆ ಖಾತ್ರಿ ಬರೋದು ಎಂಪಿ3 ಒಂದೇ. ಕಂಪ್ಯೂಟರಿನ್ಯಾಗ ವಿಎಲ್‌ಸಿ ಅನ್ನೋ ಪುಕ್ಕಟೆ ಪ್ರೋಗ್ರಾಂ ಹಾಕ್ಕೊಳ್ರಿ. ಅದರಾಗ ‘ಮೀಡಿಯಾ’, ಅದರ ಕೆಳಗ ‘ಕನ್ವರ್ಟ್/ಸೇವ್’ ಒತ್ತಿ, ಎಂಪಿ3 ಆರಿಸಿದ್ರ ಆತು. ಮಾತಿಗೆ 64 ಕೆಬಿಪಿಎಸ್, ಮೊನೊ ಸಾಕು. ಹಂಗ ಮಾಡಿದ್ರ ಒಂದು ತಾಸಿನ ಕಥಿ ಸುಮಾರು 29 ಎಂಬಿ ಆಗ್ತದ. ಹತ್ತು ತಾಸಿನ ಕಾದಂಬರಿ 290 ಎಂಬಿ ಒಳಗ ಮುಗೀತದ. 32 ಜಿಬಿ ಚಿಪ್ಪಿನ್ಯಾಗ ಸಾವಿರ ತಾಸಿನ ಮ್ಯಾಲೆ ಹಿಡಿಸ್ತದ, ಅಂದ್ರ ಒಂದು ಸಣ್ಣ ಲೈಬ್ರರಿ.

ಹತ್ತು ತಾಸಿನದ್ದು ಒಂದೇ ಫೈಲ್ ಮಾಡಬ್ಯಾಡ್ರಿ. ಬಹಳಷ್ಟು ಅಗ್ಗದ ಪ್ಲೇಯರ್ ಬಂದ್ ಮಾಡಿದ್ರ ನಿಂತ ಜಾಗ ಮರೀತಾವ, ಮತ್ತ ಮೊದಲಿಂದ ಶುರು ಮಾಡ್ತಾವ. ಆಡಾಸಿಟಿ ಅನ್ನೋ ಇನ್ನೊಂದು ಪುಕ್ಕಟೆ ಪ್ರೋಗ್ರಾಮಿನ್ಯಾಗ 20 ನಿಮಿಷಕ್ಕೊಂದರಂಗ ತುಂಡು ಮಾಡ್ರಿ, ಹತ್ತು ತಾಸಿಗೆ 30 ತುಂಡು. ಹೆಸರು 001, 002 ಅಂತ ಅಂಕಿಯಿಂದ ಇಡ್ರಿ, ಕನ್ನಡ ಅಕ್ಷರ ಇಟ್ರ ಸಣ್ಣ ಪರದೆ ಮ್ಯಾಲೆ ಬರೀ ಚೌಕಾನೇ ಕಾಣ್ತಾವ. ಚಿಪ್ಪಿಗೆ ಹಾಕೋ ಮುಂದನೂ 001ರಿಂದ ಸಾಲಾಗಿ ಹಾಕ್ರಿ, ಯಾಕಂದ್ರ ಕೆಲವು ಪ್ಲೇಯರ್ ಹೆಸರು ನೋಡಂಗಿಲ್ಲ, ಯಾವುದು ಮೊದಲು ಬಂತೋ ಅದನ್ನ ಮೊದಲು ಹಾಡ್ತಾವ. ಚಿಪ್ 32 ಜಿಬಿ ಒಳಗಿನದೇ ತಗೊಳ್ರಿ, ಫಾರ್ಮ್ಯಾಟ್ ಫ್ಯಾಟ್32 ಇರಲಿ. ಕಂಪ್ಯೂಟರ್ ಇಲ್ಲದವರು ತೀನ್ ಕಂದೀಲ್ ಕಡೆ ಚಿಪ್ಪಿಗೆ ಹಾಡು ತುಂಬೋ ಅಂಗಡಿಯಾಂವಗ ಇಷ್ಟನ್ನ ಚೀಟ್ಯಾಗ ಬರೆದು ಕೊಡ್ರಿ.

ನೋಡ್ರಿ, ಇಷ್ಟೇ ಕೆಲಸ. ಅಡಚಣಿ ತಂತ್ರದ್ದಲ್ಲ. ಎಂಪಿ3 ಮ್ಯಾಲಿನ ಪೇಟೆಂಟುಗಳೂ 2017ರ ಹೊತ್ತಿಗೆ ಮುಗದು ಹೋಗ್ಯಾವ, ಯಾರಿಗೂ ಕಪ್ಪ ಕೊಡಬೇಕಾಗಿಲ್ಲ. ಆಪಲ್ ಕಂಪನಿ 2009ರಾಗೇ ತಾನು ಮಾರೋ ಹಾಡಿನ ಬೀಗ ತೆಗೀತು. ಹಾಡಿನ ವ್ಯಾಪಾರ ಮುಳುಗಲಿಲ್ಲ. ಪುಸ್ತಕದ ಬೀಗ ಮಾತ್ರ ಹಂಗೇ ಉಳೀತು.

‘ಬೀಗ ತೆಗದ್ರ ಮಂದಿ ಕದೀತಾರ’ ಅಂತಾರ ಮಾರೋರು. ಆ ಮಾತು ಪೂರ್ತಿ ಸುಳ್ಳಲ್ಲ, ನಮ್ಮೊಳಗೂ ಪಾಪ ಅದ. ಒಬ್ಬಾಕಿ ಕೊಂಡಿದ್ದನ್ನ ಓಣಿಯ ಗ್ರೂಪಿಗೆ ಕಳಿಸಿ ‘ಎಲ್ಲಾರೂ ಕೇಳ್ರಿ’ ಅನ್ನೋದು ಧರ್ಮ ಅಲ್ಲ, ಬರೆದವರ, ಓದಿದವರ ಅನ್ನಕ್ಕ ಕೈ ಹಾಕಿದಂಗ. ಅದನ್ನ ಬಿಡೋಣ. ಆದ್ರ ಕೊಂಡಾಕಿ ತನ್ನ ಅತ್ತಿಯ ಪ್ಲೇಯರಿಗೆ ಹಾಕೋದು ಕಳ್ಳತನ ಹೆಂಗ ಆಗ್ತದ? ನಮ್ಮ ದೇಶದ ಕಾಪಿರೈಟ್ ಕಾಯ್ದೆ ಸುದ್ದಾ ಇವೆರಡನ್ನೂ ಒಂದೇ ತಕ್ಕಡ್ಯಾಗ ತೂಗಂಗಿಲ್ಲ. 52ನೇ ಕಲಮಿನ್ಯಾಗ ಸ್ವಂತಕ್ಕ ಬಳಸೋರಿಗೆ ಜಾಗ ಅದ. 2012ರ ತಿದ್ದುಪಡಿ ಒಳಗ ಬೀಗ ಮುರಿಯೋದಕ್ಕ ಶಿಕ್ಷೆ ಇಟ್ರು, ಆದ್ರ ಹಕ್ಕಿಗೆ ಧಕ್ಕೆ ತರೋ ಉದ್ದೇಶದಿಂದ ಮುರಿದವರಿಗೆ. ಕಣ್ಣು ಕಾಣದವರಿಗೆ, ಅಂಗವಿಕಲರಿಗೆ ಪುಸ್ತಕವನ್ನ ಅವರಿಗೆ ಒಗ್ಗೋ ರೂಪಕ್ಕ ತಿರುಗಿಸಿಕೊಡಬಹುದು ಅಂತಲೂ ಅದೇ ತಿದ್ದುಪಡಿ ಹೇಳ್ತದ. ಕಣ್ಣು ಕಾಣದವರ ಪುಸ್ತಕದ ಹಕ್ಕಿಗಂತಲೇ ಆದ ಮರಕೇಶ್ ಒಪ್ಪಂದವನ್ನ 2014ರಾಗ ಜಗತ್ತಿನ್ಯಾಗ ಎಲ್ಲಾರಕಿಂತ ಮೊದಲು ಅನುಮೋದಿಸಿದ್ದೇ ಭಾರತ. ಬೀಗ ಮುರೀರಿ ಅಂತ ನಾ ನಿಮಗ ಹೇಳವಲ್ಲೆ. ಬೀಗ ಹಾಕದೇ ಮಾರ್ರಿ ಅಂತ ಅವರಿಗೆ ಹೇಳಾಕತ್ತೀನಿ.

ಅವರು ಮಾರೋ ತನಕ ನಾವು ಕೈ ಕಟ್ಟಿ ಕೂಡಬೇಕಾಗಿಲ್ಲ. ತ್ರಿವೇಣಿಯವರು ತೀರಿಕೊಂಡದ್ದು 1963ರಾಗ. ಲೇಖಕರು ತೀರಿದ ವರ್ಷ ಮುಗದ ಮ್ಯಾಲೆ 60 ವರ್ಷಕ್ಕ ಹಕ್ಕು ಮುಗೀತದ. ಅಂದ್ರ ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿ 2024ರಿಂದ ಎಲ್ಲಾರ ಸೊತ್ತು. ಓದಾಕ ಬರೋ ಸೊಸಿ, ಮೊಮ್ಮಗಳು ದಿನಕ್ಕ 20 ನಿಮಿಷ ಫೋನಿನ್ಯಾಗ ಓದಿ ರೆಕಾರ್ಡ್ ಮಾಡಿ, ಎಂಪಿ3 ಮಾಡಿ ಚಿಪ್ಪಿಗೆ ಹಾಕಲಿ. ನಮ್ಮ ದನಿ, ನಮ್ಮ ರಾಯಚೂರು ರಾಗ. ಇದನ್ನ ಓಣಿಗೆಲ್ಲ ಹಂಚಿದ್ರೂ ಯಾರ ಅನ್ನಕ್ಕೂ ಕೈ ಹಾಕಿದಂಗಲ್ಲ.

ಇನ್ನ ಮುಂದ ಆಡಿಯೋ ಪುಸ್ತಕಕ್ಕ ರೊಕ್ಕ ಕೊಡೋ ಮುಂದ ಒಂದೇ ಪ್ರಶ್ನೆ ಕೇಳ್ರಿ: ‘ಫೈಲ್ ಕೈಗೆ ಕೊಡ್ತೀರೋ ಇಲ್ಲೋ?’ ಕೊಡ್ತೀವಿ ಅಂದವರಿಗೆ ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ಕೊಳ್ರಿ. ಇಲ್ಲ ಅಂದವರಿಗೆ, ಹಂಗಾದ್ರ ಮಾರತೀವಿ ಅನ್ನಬ್ಯಾಡ್ರಿ, ಬಾಡಿಗಿ ಕೊಡ್ತೀವಿ ಅನ್ರಿ ಅಂತ ಹೇಳಿ ಬರ್ರಿ.