ಧರ್ಮ ಮತ್ತು ಪ್ರಭುತ್ವ: ಎರಡಕ್ಕೂ ಬೇಕಾದ ಗಡಿ

ಸರಕಾರವು ಧರ್ಮದಿಂದ ದೂರವಿರಬೇಕೆಂಬ ಮಾತನ್ನು ಕೇಳಿದೊಡನೆ, ಇದು ದೇವರನ್ನು ಸಾರ್ವಜನಿಕ ಜೀವನದಿಂದ ಹೊರಗಟ್ಟುವ ಯತ್ನವೆಂದು ಶಂಕಿಸುವ ವಿಶ್ವಾಸಿಗಳು ನಮ್ಮಲ್ಲಿ ಇಲ್ಲದಿಲ್ಲ. ಚರಿತ್ರೆ ಹೇಳುವುದು ಬೇರೆಯೇ.

1534ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ದೊರೆ ಎಂಟನೆಯ ಹೆನ್ರಿಯನ್ನೇ ಅಲ್ಲಿನ ಧರ್ಮಸಭೆಯ ಶಿರಸ್ಸೆಂದು ಸಾರಿತು. ಅದನ್ನು ಒಪ್ಪಲು ಮನಸ್ಸಾಕ್ಷಿ ಬಿಡದ ಕಾರಣ, ಅದೇ ದೊರೆಯ ಲಾರ್ಡ್ ಚಾನ್ಸಲರ್ ಆಗಿದ್ದ ಸಂತ ತೋಮಸ್ ಮೋರ್ 1535ರಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ಆದರೆ ದೋಷ ಒಂದೇ ಪಕ್ಷದ್ದಲ್ಲ. ಫ್ರಾನ್ಸಿನ ಪ್ರೊಟೆಸ್ಟೆಂಟರಿಗೆ 1598ರಲ್ಲಿ ದೊರೆತಿದ್ದ ಆರಾಧನಾ ಸ್ವಾತಂತ್ರ್ಯವನ್ನು ಕಥೋಲಿಕ ದೊರೆ ಹದಿನಾಲ್ಕನೆಯ ಲೂಯಿ 1685ರಲ್ಲಿ ರದ್ದುಗೊಳಿಸಿದನು; ಒಂದು ಲಕ್ಷಕ್ಕೂ ಮಿಕ್ಕಿ ಜನರು ತಾಯ್ನಾಡನ್ನು ತೊರೆದರು. ಧರ್ಮವು ಅಧಿಕಾರದ ಕೈಸೇರಿದಾಗ ಅಲ್ಪಸಂಖ್ಯಾತರು ನರಳುತ್ತಾರೆ; ಬಹುಸಂಖ್ಯಾತರ ಧರ್ಮವೂ ದೊರೆಯ ಊಳಿಗಕ್ಕೆ ಬೀಳುತ್ತದೆ.

ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಲಾಗದು, ಈ ಹಕ್ಕಿನ ಮೂಲ ಮಾನವನ ಘನತೆಯಲ್ಲೇ ಇದೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಘೋಷಿಸಿತು. ಅದಕ್ಕೂ 15 ವರ್ಷ ಮೊದಲೇ ನಮ್ಮ ದೇಶದ ಸಂವಿಧಾನ ಜಾರಿಗೆ ಬಂದಿತ್ತು. ಅದನ್ನು ರಚಿಸಿದ ಸಭೆಯಲ್ಲಿ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ವಂದನೀಯ ಜೆರೋಮ್ ಡಿಸೋಜರೂ ಸದಸ್ಯರಾಗಿದ್ದರು. ಅದರ 25ನೆಯ ವಿಧಿಯು ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ನೀಡುತ್ತದೆ. ಯಾವುದೇ ಒಂದು ಧರ್ಮದ ಪೋಷಣೆಗೆಂದೇ ತೆರಿಗೆ ತೆರುವಂತೆ ಯಾರನ್ನೂ ಒತ್ತಾಯಿಸಬಾರದೆಂಬುದು 27ನೆಯ ವಿಧಿ. 28ನೆಯ ವಿಧಿಯಂತೆ, ಸರಕಾರದ ಮಾನ್ಯತೆ ಇಲ್ಲವೇ ಅನುದಾನ ಪಡೆದ ಶಾಲೆಯು ಹೆತ್ತವರ ಅಥವಾ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮೋಪದೇಶಕ್ಕಾಗಲೀ ಆರಾಧನೆಗಾಗಲೀ ಕಡ್ಡಾಯವಾಗಿ ಕೂರಿಸುವಂತಿಲ್ಲ.

ಈ ಕೊನೆಯ ನಿಯಮ ನಮ್ಮ ಶಾಲೆಗಳಿಗೂ ಅನ್ವಯಿಸುತ್ತದೆ. ಅದನ್ನು ಹೊರೆಯೆಂದು ಬಗೆಯುವುದು ಸರಿಯಲ್ಲ. ನಮ್ಮ ಮಕ್ಕಳು ಅನ್ಯಧರ್ಮೀಯರು ನಡೆಸುವ ಶಾಲೆಯಲ್ಲಿ ಓದುವಾಗ ಅವರ ವಿಶ್ವಾಸಕ್ಕೆ ಕಾವಲಾಗಿ ನಿಲ್ಲುವುದೂ ಇದೇ ವಿಧಿ. ನಮಗೆ ಬೇಕಾದಾಗ ಗಡಿಯನ್ನು ಹೊಗಳಿ, ಬೇಡವಾದಾಗ ಅದನ್ನು ದಾಟುವವರ ಮಾತಿಗೆ ಬೆಲೆಯಿರದು.

ಗಡಿಯೆಂದರೆ ಮೌನವಲ್ಲ. ಬಡವರ ಕೂಲಿ, ದುರ್ಬಲರ ಜೀವ, ಆಡಳಿತದ ಪ್ರಾಮಾಣಿಕತೆ ಇವುಗಳ ಕುರಿತು ದನಿಯೆತ್ತುವುದು ಪ್ರತಿಯೊಬ್ಬ ಕ್ರೈಸ್ತ ಪೌರನ ಕರ್ತವ್ಯ. ಆದರೆ ಚುನಾವಣೆ ಸಮೀಪಿಸಿದಾಗ ಯಾವುದೋ ಪಕ್ಷದ ಕೃಪೆಯನ್ನು ಬಯಸಿ ಧರ್ಮಸಭೆಯ ಹೆಸರನ್ನು ಒತ್ತೆಯಿಡಲಾಗದು. ಇಂದು ಕೃಪೆ ತೋರುವ ಕೈ ನಾಳೆ ಕಪ್ಪ ಕೇಳುತ್ತದೆ. ಚಕ್ರವರ್ತಿಗೆ ಸಲ್ಲತಕ್ಕದ್ದನ್ನೂ ದೇವರಿಗೆ ಸಲ್ಲತಕ್ಕದ್ದನ್ನೂ ಬೇರೆ ಬೇರೆಯಾಗಿ ಕಾಣಲು ಕಲಿಸಿದ ಪ್ರಭುವಿನ ಅನುಯಾಯಿಗಳಾದ ನಾವು, ನಮಗಾಗಿ ಬಯಸುವ ಸ್ವಾತಂತ್ರ್ಯವನ್ನು ನೆರೆಮನೆಯವರಿಗಾಗಿಯೂ ಕಾಯೋಣ.